ಕೀಳದೆ ಗುರುತಿಸಿದ ನೆಲತಾಳೆ

ಗಡ್ಡೆ ಕಿತ್ತು ನೋಡದೆ ಒಂದು ಗಿಡವನ್ನು ಔಷಧಿಯ ನೆಲತಾಳೆ ಎಂದು ಖಚಿತವಾಗಿ ಹೇಳುವುದು ಆಗದ ಮಾತು ಎಂದು ನಕ್ಕವರು ಈ ಮಳೆಗಾಲದಲ್ಲಿ ಸುಮ್ಮನಾಗಿದ್ದಾರೆ. ನಮ್ಮ ಸೊಪ್ಪಿನ ಬೆಟ್ಟದಲ್ಲಿ ನಾನು ಗೂಟ ನೆಟ್ಟು ಗುರುತಿಟ್ಟಿದ್ದ ನಲವತ್ತು ಚಿಲ್ಲರೆ ಗಿಡಗಳಲ್ಲಿ ಹತ್ತನ್ನು ಅವರೇ ಆರಿಸಿ ಅಗೆದರು. ಹತ್ತರಲ್ಲೂ ನೆಟ್ಟಗೆ ಇಳಿದ ಕಪ್ಪು ಗಡ್ಡೆ.

ಆದರೆ ಮೂರು ವರ್ಷದ ಹಿಂದೆ ನಾನೇ ಮುಗ್ಗರಿಸಿದ್ದೆ. ಔಷಧಿ ಗಿಡಗಳ ವ್ಯಾಪಾರಿಯೊಬ್ಬರು ನೂರು ಚೀಲ ನೆಲತಾಳೆ ಸಸಿ ಕೇಳಿದ್ದರು. ಹಳದಿ ನಕ್ಷತ್ರದಂಥ ಹೂವು, ಆರು ದಳ, ಆರು ಕೇಸರ, ಬುಡದಿಂದಲೇ ಎದ್ದ ಎಲೆ. ಇಷ್ಟು ಕಂಡರೆ ಮುಗಿಯಿತು ಎಂದುಕೊಂಡು ಚೀಲ ತುಂಬಿಸಿದೆ. ಅವರು ಅರವತ್ತರಷ್ಟನ್ನು ಪಕ್ಕಕ್ಕಿಟ್ಟರು. ಅವು ಬೆಟ್ಟದ ಬೋಳು ಅಂಚಿನ ಹುಲ್ಲಿನ ನಡುವೆ ಸಿಕ್ಕಿದ್ದ ಹೈಪಾಕ್ಸಿಸ್ ಔರಿಯಾ, ನೆಲತಾಳೆಯ ದಾಯಾದಿ. ಚೀಲ, ಗೊಬ್ಬರ, ಆಳಿನ ಕೂಲಿ, ಜೀಪಿನ ಬಾಡಿಗೆ ಎಲ್ಲ ಸೇರಿ ಏಳು ಸಾವಿರದ ಹತ್ತಿರ ನೀರಿಗೆ ಹೋಯಿತು. ಮನೆಯಲ್ಲಿ ಆ ಲೆಕ್ಕ ಇನ್ನೂ ಮುಗಿದಿಲ್ಲ.

ಆಮೇಲೆ ಮೊಬೈಲಿಗೆ ಸಿಕ್ಕಿಸುವ ಮಸೂರಕ್ಕೆ ಒಂಬೈನೂರು ಕೊಟ್ಟೆ. ಒಂದೇ ಮಳೆಗಾಲಕ್ಕೆ ಬೂಸು ಹಿಡಿಯಿತು. ಗುರುತಿಸುವ ಆ್ಯಪ್‌ಗೆ ಒಂದೇ ಗಿಡದ ಮೂರು ಚಿತ್ರ ಹಾಕಿದರೆ ಮೂರು ಹೆಸರು ಬಂದವು. ತಪ್ಪು ಅದರದ್ದಲ್ಲ, ಮೇಲಿನಿಂದ ತೆಗೆದರೆ ಎರಡೂ ಹೂವು ಒಂದೇ. ಕೊನೆಗೆ ಕೈಗೆ ಬಂದದ್ದು ಮುನ್ನೂರು ಚಿಲ್ಲರೆ ರೂಪಾಯಿಯ ಹತ್ತು ಪಟ್ಟಿನ ಕೈಮಸೂರ.

ಹೂವನ್ನು ಬಿಟ್ಟು ಹೂವಿನ ಕೆಳಗೆ ನೋಡಲು ಶುರು ಮಾಡಿದ ಮೇಲೆ ದಾರಿ ಕಂಡಿತು. ಹೈಪಾಕ್ಸಿಸ್‌ನಲ್ಲಿ ರೋಮ ತುಂಬಿದ ಅಂಡಾಶಯ ಹೂವಿಗೆ ಅಂಟಿಕೊಂಡೇ, ತೆಳ್ಳನೆಯ ತೊಟ್ಟಿನ ತುದಿಯಲ್ಲಿ ಕಣ್ಣಿಗೆ ಕಾಣುತ್ತದೆ. ನೆಲತಾಳೆಯಲ್ಲಿ ತೊಟ್ಟಿನಂತೆ ಕಾಣುವುದು ತೊಟ್ಟೇ ಅಲ್ಲ, ಉದ್ದ ಕತ್ತು. ಅಂಡಾಶಯ ಎಲೆಬುಡದ ಒಳಗೆ, ಹೆಚ್ಚುಕಡಿಮೆ ಮಣ್ಣಿನ ಮಟ್ಟದಲ್ಲಿ ಅಡಗಿರುತ್ತದೆ. ನೆಲತಾಳೆಯ ಕುಲಕ್ಕಿರುವ ಕರ್ಕ್ಯುಲಿಗೊ ಎಂಬ ಶಾಸ್ತ್ರೀಯ ಹೆಸರು ಲ್ಯಾಟಿನ್ನಿನಲ್ಲಿ ಮೂತಿಹುಳುವಿಗಿರುವ ಪದದಿಂದ ಬಂದದ್ದು. ಹೊರಗಿನ ಒಂದು ಎಲೆಯ ಬುಡವನ್ನು ಹೆಬ್ಬೆರಳಿನಿಂದ ಮೆಲ್ಲಗೆ ಸರಿಸಿದರೆ ಸಾಕು, ಗಿಡಕ್ಕೆ ಪೆಟ್ಟಿಲ್ಲ.

ಇಲ್ಲೂ ಒಂದು ವರ್ಷ ಹಾಳಾಯಿತು. ಆಗಸ್ಟ್ ಕೊನೆಗೆ ಹೋಗಿ ಬುಡ ಸರಿಸಿದರೆ ಎಷ್ಟೋ ಹೂವುಗಳಿಗೆ ಅಂಡಾಶಯವೇ ಇಲ್ಲ! ನನ್ನ ವಿಧಾನವೇ ಸುಳ್ಳೆಂದು ಹದಿನೈದು ದಿನ ಬೆಟ್ಟದ ಕಡೆ ತಲೆ ಹಾಕಲಿಲ್ಲ. ಆಮೇಲೆ ತಿಳಿಯಿತು, ಗೊಂಚಲಿನಲ್ಲಿ ಮೊದಲು ಅರಳುವ ಕೆಳಗಿನ ಹೂವುಗಳು ದ್ವಿಲಿಂಗಿ, ಆಮೇಲೆ ಅರಳುವ ಮೇಲಿನವು ಬರೀ ಗಂಡು. ಈಗ ಮೊದಲ ಮಳೆ ನೆಲಕ್ಕೆ ಇಳಿದ ಎರಡು ಮೂರು ವಾರದೊಳಗೆ, ಬೆಳಿಗ್ಗೆಯೇ ಹೋಗುತ್ತೇನೆ. ಮಧ್ಯಾಹ್ನದ ಹೂವನ್ನು ನಂಬುವುದಿಲ್ಲ, ಅಷ್ಟರಲ್ಲಿ ಬಾಡಿರುತ್ತದೆ.

ಈ ನಡುವೆ ಒಂದು ಅಡ್ಡ ಪ್ರಯೋಗವೂ ಆಯಿತು. ನೆಲಕ್ಕೆ ತಾಗಿದ ಎಲೆತುದಿ ಬೇರು ಬಿಟ್ಟಿದ್ದನ್ನು ಕಂಡು, ಎಲೆಯನ್ನು ಬೆರಳುದ್ದ ತುಂಡು ಮಾಡಿ ಒದ್ದೆ ಮರಳಿನ ಮೇಲೆ ಮಲಗಿಸಿದೆ. ಮೊದಲ ತಟ್ಟೆ ಕೊಳೆಯಿತು. ಎರಡನೆಯದರಲ್ಲಿ ನೀರು ಕಡಿಮೆ ಮಾಡಿದಾಗ ಮೂವತ್ತು ತುಂಡಿನಲ್ಲಿ ಹನ್ನೆರಡೋ ಹದಿಮೂರೋ ನಡುನರದ ಮೇಲೆ ಮರಿ ಹಾಕಿದವು. ಗಡ್ಡೆ ಕೀಳುವ ಕೆಲಸವೇ ತಪ್ಪಿತು.

ಹೂವಿಲ್ಲದಾಗ ಬರೀ ಎಲೆಯಿಂದ ಹೇಗೆ ಹೇಳುತ್ತೀರಿ ಎಂದು ಕೇಳುವವರಿದ್ದಾರೆ. ಅಡಿಕೆ ಸಸಿಯಂಥ ನಿರಿಗೆ ಎಲ್ಲರಿಗೂ ಗೊತ್ತಿರುವ ಗುರುತು. ನಾನು ನೋಡುವುದು ಇನ್ನೊಂದಿದೆ, ಅದನ್ನು ಈ ವರ್ಷದ ಚೀಲಗಳು ಮಾರಾಟವಾದ ಮೇಲೆ ಹೇಳುತ್ತೇನೆ.