ಒಳ್ಳೆಯ ನಾದದ ಎಲ್‌ಪಿ ಆರಿಸುವ ಬಗೆ

ಎಲ್‌ಪಿ ಗ್ರಾಮೊಫೋನ್ ತಟ್ಟೆಯ ಮೇಲೆ ಸಂಗೀತ ಮುಗಿದ ಜಾಗಕ್ಕೂ ನಡುವಿನ ಕಾಗದದ ಲೇಬಲ್ಲಿಗೂ ಮಧ್ಯೆ ಬೆರಳಗಲದ ಒಂದು ನುಣುಪು ಪಟ್ಟಿ ಇರುತ್ತದೆ. ಸೂಜಿ ಅಲ್ಲಿ ಸುಮ್ಮನೆ ಸುತ್ತುವುದರಿಂದ ಹೆಚ್ಚಿನವರು ಅದರತ್ತ ಕಣ್ಣು ಹಾಯಿಸುವುದಿಲ್ಲ. ಹಳಬ ಸಂಗ್ರಾಹಕರು ಮಾತ್ರ ಮುಖಪುಟವನ್ನು ಬದಿಗಿಟ್ಟು, ತಟ್ಟೆಯನ್ನು ಬೆಳಕಿಗೆ ಓರೆಯಾಗಿ ಹಿಡಿದು, ಮೊದಲು ಓದುವುದು ಅದನ್ನೇ. ಅವರು ಡೆಡ್‌ವ್ಯಾಕ್ಸ್ ಎಂದು ಕರೆಯುವ ಆ ಪಟ್ಟಿಯಲ್ಲಿ ಕೈಯಿಂದ ಗೀಚಿದ ಅಥವಾ ಅಚ್ಚೊತ್ತಿದ ಕೆಲವು ಅಕ್ಷರಗಳೂ ಅಂಕಿಗಳೂ ಇರುತ್ತವೆ. ಒಂದೇ ಸಂಗೀತದ ಹತ್ತು ಮುದ್ರಣಗಳಲ್ಲಿ ಯಾವುದು ಕಿವಿಗೆ ಹಿತ ಎಂಬುದರ ಅರ್ಧ ಸುಳಿವು ಅಲ್ಲೇ ಸಿಗುತ್ತದೆ. ಉಳಿದರ್ಧ ತಟ್ಟೆಯನ್ನು ಹಿಂದಿನ ಮಾಲೀಕರು ಹೇಗೆ ನಡೆಸಿಕೊಂಡರು ಎಂಬುದರಲ್ಲಿದೆ.

ಆ ಗುರುತುಗಳಿಗೆ ಅಷ್ಟು ಬೆಲೆ ಏಕೆಂದು ತಿಳಿಯಲು ತಟ್ಟೆ ಹುಟ್ಟುವ ಬಗೆಯನ್ನು ಒಮ್ಮೆ ನೆನೆಯಬೇಕು. ಮಾಸ್ಟರ್ ಟೇಪಿನಲ್ಲಿರುವ, ಅಂದರೆ ಮೂಲ ಧ್ವನಿಮುದ್ರಣದ ಟೇಪಿನಲ್ಲಿರುವ ಸಂಗೀತವನ್ನು ಲೇತ್ ಯಂತ್ರದ ಮೇಲೆ, ಮೆರುಗೆಣ್ಣೆಯಂಥ ಲ್ಯಾಕರ್ ಬಳಿದ ಅಲ್ಯೂಮಿನಿಯಂ ತಟ್ಟೆಯಲ್ಲಿ ಗೆರೆಯಾಗಿ ಕೊರೆಯುತ್ತಾರೆ. ಅದಕ್ಕೆ ಬೆಳ್ಳಿಯ ತೆಳು ಲೇಪ ಕೊಟ್ಟು, ನಿಕ್ಕಲ್ ಬೆಳೆಸಿ, 'ಫಾದರ್' ಎಂಬ ಲೋಹದ ಪ್ರತಿಯನ್ನೂ ಅದರಿಂದ 'ಮದರ್' ಅನ್ನೂ, ಮದರಿನಿಂದ ಅಚ್ಚೊತ್ತುವ ಸ್ಟ್ಯಾಂಪರುಗಳನ್ನೂ ತೆಗೆಯುತ್ತಾರೆ. ಒಂದು ಸ್ಟ್ಯಾಂಪರು ಸಾಮಾನ್ಯವಾಗಿ ಸಾವಿರದ ಆಸುಪಾಸಿನಷ್ಟು ತಟ್ಟೆಗಳನ್ನು ಒತ್ತುವ ಹೊತ್ತಿಗೆ ಸವೆಯತೊಡಗುತ್ತದೆ. ಈ ಸರಪಳಿಯಲ್ಲಿ ನಾದವನ್ನು ಎಲ್ಲಕ್ಕಿಂತ ಹೆಚ್ಚು ತಿದ್ದುವವನು ಲ್ಯಾಕರ್ ಕೊರೆದ ಎಂಜಿನಿಯರು. ಮಂದ್ರವನ್ನು ಎಷ್ಟು ಉಳಿಸಬೇಕು, ಗಟ್ಟಿ ಭಾಗವನ್ನು ಎಷ್ಟು ತಗ್ಗಿಸಬೇಕು, ಗೆರೆಗಳ ನಡುವೆ ಎಷ್ಟು ಅಂತರ ಬಿಡಬೇಕು ಎಂಬುದೆಲ್ಲ ಅವನ ತೀರ್ಮಾನ. ಆದ್ದರಿಂದ ಕೊಳ್ಳುವವರು ಕೇಳಬೇಕಾದ ಮೊದಲ ಪ್ರಶ್ನೆ 'ಇದು ಯಾವ ವರ್ಷದ್ದು' ಎಂಬುದಲ್ಲ, 'ಇದನ್ನು ಕೊರೆದವರು ಯಾರು, ಯಾವ ಟೇಪಿನಿಂದ' ಎಂಬುದು.

ಇದಕ್ಕೆ ಅಮೆರಿಕದ ಬ್ಲೂ ನೋಟ್ ಕಂಪನಿಯ ಜಾಝ್ ತಟ್ಟೆಗಳಿಗಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ. 1950 ಮತ್ತು 60ರ ದಶಕಗಳ ಅವುಗಳಲ್ಲಿ ಹೆಚ್ಚಿನವನ್ನು ರೂಡಿ ವ್ಯಾನ್ ಗೆಲ್ಡರ್ ತಾವೇ ಧ್ವನಿಮುದ್ರಿಸಿ, ತಾವೇ ಲ್ಯಾಕರ್ ಕೊರೆದರು. ಮೊದಲು ನ್ಯೂಜೆರ್ಸಿಯ ಹ್ಯಾಕೆನ್ಸ್ಯಾಕಿನಲ್ಲಿ ತಂದೆತಾಯಿಯ ಮನೆಯ ಹಜಾರವೇ ಅವರ ಸ್ಟುಡಿಯೋ ಆಗಿತ್ತು. 1959ರಿಂದ ಎಂಗಲ್‌ವುಡ್ ಕ್ಲಿಫ್ಸ್‌ನಲ್ಲಿ ಕಟ್ಟಿಸಿದ ಸ್ವಂತ ಸ್ಟುಡಿಯೋದಲ್ಲಿ ಕೆಲಸ ಮುಂದುವರಿಯಿತು. ಅವರು ಕೊರೆದ ತಟ್ಟೆಯ ಡೆಡ್‌ವ್ಯಾಕ್ಸಿನಲ್ಲಿ ಮೊದಮೊದಲು ಕೈಬರಹದ 'ಆರ್‌ವಿಜಿ', ಆಮೇಲೆ ಅಚ್ಚೊತ್ತಿದ 'ಆರ್‌ವಿಜಿ', ಕೊನೆಗೆ 'ವ್ಯಾನ್ ಗೆಲ್ಡರ್' ಎಂಬ ಪೂರ್ಣ ಗುರುತು ಕಾಣುತ್ತದೆ. ಅದರ ಜೊತೆಗೆ ಕಿವಿಯ ಆಕಾರದ ಒಂದು ಸಣ್ಣ ಗೀರು ಇದ್ದರೆ, ತಟ್ಟೆಯನ್ನು ಒತ್ತಿದ್ದು ಪ್ಲಾಸ್ಟಿಲೈಟ್ ಕಾರ್ಖಾನೆ ಎಂದು ಅರ್ಥ. ಅದು ವಾಸ್ತವವಾಗಿ ಓರೆಯಾಗಿ ಬರೆದ ಇಂಗ್ಲಿಷಿನ ಪಿ ಅಕ್ಷರ. 1965-66ರಲ್ಲಿ ಬ್ಲೂ ನೋಟ್ ಲಿಬರ್ಟಿ ಕಂಪನಿಯ ಪಾಲಾದ ಮೇಲೆ ಈ ಕಿವಿ ಮಾಯವಾಯಿತು.

ಹರಾಜಿನಲ್ಲಿ ಬೆಲೆ ಗಗನಕ್ಕೇರುವುದು ಆ ಕಿವಿಯಿಂದ. ಆದರೆ ನಾದ ಬೇಕಾದವರಿಗೆ ಲಾಭದ ದಾರಿ ಬೇರೆಯೇ ಇದೆ. ಲಿಬರ್ಟಿಯ ಹೆಸರಿರುವ ಲೇಬಲ್ಲಿನ ಎಷ್ಟೋ ತಟ್ಟೆಗಳನ್ನು ಹಳೆಯ ಲೋಹದ ಭಾಗಗಳಿಂದಲೇ ಒತ್ತಲಾಯಿತು. ಅವುಗಳಲ್ಲಿ ಕಿವಿ ಇರುವುದಿಲ್ಲ, ಆದರೆ 'ವ್ಯಾನ್ ಗೆಲ್ಡರ್' ಅಚ್ಚು ಇರುತ್ತದೆ. ಗೆರೆ ಕೊರೆದ ಕೈ ಅದೇ, ಬೆಲೆ ಮಾತ್ರ ಮೊದಲ ಮುದ್ರಣದ ಒಂದು ಸಣ್ಣ ಪಾಲು. ಅದೇ ಕಾಲದ ಮುಖಪುಟಗಳ ಮೇಲೆ ಮೋನೋವನ್ನು (ಒಂದೇ ವಾಹಿನಿಯ ನಾದ) ವಿದ್ಯುನ್ಮಾನ ವಿಧಾನದಿಂದ ಸ್ಟೀರಿಯೋಗೆ (ಎಡಬಲ ಎರಡು ವಾಹಿನಿ) ಪರಿವರ್ತಿಸಲಾಗಿದೆ ಎಂಬ ಸಾಲು ಕಂಡರೆ ಅಂಥದನ್ನು ಅಲ್ಲೇ ಬಿಟ್ಟುಬಿಡಿ. ಒಂದು ಕಡೆ ಮಂದ್ರ, ಇನ್ನೊಂದು ಕಡೆ ತಾರ ಎಂದು ಹರಿದು ಹಂಚಿದ ಆ ನಾದ ಟೊಳ್ಳಾಗಿರುತ್ತದೆ.

ಹೊಸ ಮರುಮುದ್ರಣಗಳಿಗೂ ಇದೇ ಅಳತೆಗೋಲು ಸಲ್ಲುತ್ತದೆ. 2014ರಲ್ಲಿ, ಬ್ಲೂ ನೋಟ್ ಕಂಪನಿಯ 75ನೆಯ ವರ್ಷದ ನೆಪದಲ್ಲಿ ಬಂದ ಅಗ್ಗದ ಸರಣಿಯನ್ನು ಡಿಜಿಟಲ್ ಕಡತಗಳಿಂದ ಕೊರೆಯಲಾಗಿತ್ತು. ರಸಿಕರು ಅದನ್ನು ಅಷ್ಟಾಗಿ ಮೆಚ್ಚಲಿಲ್ಲ. 2019ರಲ್ಲಿ ಜೋ ಹಾರ್ಲಿಯವರ ಉಸ್ತುವಾರಿಯಲ್ಲಿ ಆರಂಭವಾದ 'ಟೋನ್ ಪೊಯೆಟ್' ಸರಣಿಯ ಲ್ಯಾಕರುಗಳನ್ನು ಕೆವಿನ್ ಗ್ರೇ ಮೂಲ ಮಾಸ್ಟರ್ ಟೇಪುಗಳಿಂದ ಕೊರೆಯುತ್ತಾರೆ. ಅವುಗಳನ್ನು ಒತ್ತುವುದು ಕ್ಯಾಲಿಫೋರ್ನಿಯಾದ ಕ್ಯಾಮರಿಲ್ಲೋದಲ್ಲಿರುವ ಆರ್‌ಟಿಐ ಕಾರ್ಖಾನೆ. ಅದರ ತಮ್ಮನಂತಿರುವ 'ಕ್ಲಾಸಿಕ್ ವಿನೈಲ್' ಸರಣಿಯನ್ನು ಕೊರೆಯುವವರೂ ಕೆವಿನ್ ಗ್ರೇ ಅವರೇ, ಒತ್ತುವುದು ಮಾತ್ರ ಜರ್ಮನಿಯ ಆಪ್ಟಿಮಲ್. ಮುಖಪುಟದ ದಪ್ಪ ರಟ್ಟಿನ ಮೋಹವಿಲ್ಲದವರಿಗೆ ಎರಡನೆಯದೇ ಜಾಣ ಆಯ್ಕೆ ಎಂದು ನನ್ನ ಅನಿಸಿಕೆ. ಹಾಗೆಯೇ '180 ಗ್ರಾಂ' ಎಂಬ ಚೀಟಿಗೆ ಮರುಳಾಗಬೇಡಿ. ಭಾರದ ತಟ್ಟೆ ಸುಲಭವಾಗಿ ಬಾಗದಿರಬಹುದು, ಆದರೆ ಕೆಟ್ಟದಾಗಿ ಕೊರೆದ ಗೆರೆಯನ್ನು ದಪ್ಪ ಪ್ಲಾಸ್ಟಿಕ್ ಸರಿಪಡಿಸಲಾರದು.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಸೇರಿಸಬೇಕು. ಪೂರ್ತಿ ಅನಲಾಗ್, ಅಂದರೆ ನಡುವೆ ಡಿಜಿಟಲ್ ಹಂತವಿಲ್ಲದೆ ಟೇಪಿನಿಂದಲೇ ಕೊರೆದದ್ದು ಎಂದು ರಸಿಕರು ನಂಬಿದ್ದ ಮೊಬೈಲ್ ಫಿಡೆಲಿಟಿ ಕಂಪನಿಯ ಮರುಮುದ್ರಣಗಳಲ್ಲಿ ಅನೇಕವು ಡಿಎಸ್‌ಡಿ ಎಂಬ ಡಿಜಿಟಲ್ ಹಂತವನ್ನು ದಾಟಿ ಬಂದಿದ್ದವೆಂಬುದು 2022ರಲ್ಲಿ ಬಯಲಾಯಿತು. ಅದಕ್ಕೆ ಮುಂಚೆ ಅದೇ ತಟ್ಟೆಗಳನ್ನು ಅನಲಾಗ್ ನಾದದ ಮಾದರಿಯೆಂದು ಹಾಡಿ ಹೊಗಳಿದವರಿಗೆ ಕೊರತೆ ಇರಲಿಲ್ಲ. ಕಂಪನಿ ಮೂಲವನ್ನು ಸ್ಪಷ್ಟವಾಗಿ ಹೇಳಬೇಕಿತ್ತು ಎಂಬುದರಲ್ಲಿ ಎರಡು ಮಾತಿಲ್ಲ. ಹಾಗಿದ್ದರೂ, ಕಿವಿ ಮೆಚ್ಚಿದ್ದನ್ನು ಸುದ್ದಿ ಓದಿ ತಿರಸ್ಕರಿಸುವುದು ನನಗಂತೂ ಸರಿ ಕಾಣುವುದಿಲ್ಲ.

ನಮ್ಮಲ್ಲಿ ಹೆಚ್ಚು ಸಿಗುವುದು ಕೋಲ್ಕತ್ತದ ದಮ್‌ದಮ್ ಕಾರ್ಖಾನೆಯಲ್ಲಿ ಒತ್ತಿದ ಎಚ್‌ಎಂವಿ ತಟ್ಟೆಗಳು. ಭೀಮಸೇನ ಜೋಶಿ, ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ಲರಂಥವರ ಗಾಯನವನ್ನು ಹುಡುಕುವವರು ತಟ್ಟೆಯ ಕ್ರಮಸಂಖ್ಯೆಗೆ ಮೊದಲು ಬರುವ ಅಕ್ಷರಗಳನ್ನು ನೋಡಬೇಕು. ಇಎಎಲ್‌ಪಿ ಎಂದಿದ್ದರೆ ಮೋನೋ, ಇಎಎಸ್‌ಡಿ ಎಂದಿದ್ದರೆ ಸ್ಟೀರಿಯೋ. ಮೋನೋ ಎಂದು ಮೂಗು ಮುರಿಯಬೇಕಾಗಿಲ್ಲ. ಮೋನೋ ಗೆರೆಯಲ್ಲಿ ಸೂಜಿ ಅಕ್ಕಪಕ್ಕ ಮಾತ್ರ ಆಡುತ್ತದೆ. ಆಂಪ್ಲಿಫೈಯರಿನ ಮೋನೋ ಗುಂಡಿ ಒತ್ತಿದರೆ ಸೂಜಿಯ ಮೇಲುಕೆಳಗಿನ ಅಲುಗಾಟದಿಂದ ಹುಟ್ಟುವ ಗುರುಗುರು ಶಬ್ದವೂ ಧೂಳಿನ ಚಟಚಟದ ಬಹುಪಾಲೂ ಅಡಗಿ, ಗಾಯಕರ ದನಿ ಎದುರಿಗೆ ಬಂದು ಕೂರುತ್ತದೆ.

ಖಯಾಲಿನ ಎಲ್‌ಪಿಗಳಿಗೆ ಒಂದು ವಿಶೇಷ ತೊಡಕಿದೆ. ನಿಮಿಷಕ್ಕೆ 33⅓ ಸುತ್ತು ತಿರುಗುವ 12 ಅಂಗುಲದ ತಟ್ಟೆಯ ಹೊರ ಅಂಚಿನಲ್ಲಿ ಸೂಜಿಯಡಿ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೆರೆ ಹರಿದರೆ, ಒಳ ಅಂಚಿಗೆ ಬರುವಾಗ ಅದು 20ರ ಆಸುಪಾಸಿಗೆ ಇಳಿದಿರುತ್ತದೆ. ಅಷ್ಟೇ ಸಂಗೀತವನ್ನು ಅರ್ಧಕ್ಕಿಂತ ಕಡಿಮೆ ಉದ್ದದಲ್ಲಿ ತುರುಕಬೇಕಾದ್ದರಿಂದ ಒಳಗಿನ ಗೆರೆಗಳಲ್ಲಿ ನಾದ ಒರಟಾಗುತ್ತದೆ. ಒಂದು ಬದಿಯ ತುಂಬ ಒಂದೇ ರಾಗವಿದ್ದರೆ ನಿಧಾನಗತಿಯ ವಿಲಂಬಿತ ವಿಶಾಲವಾದ ಹೊರ ಗೆರೆಗಳಲ್ಲಿ ಹಾಯಾಗಿ ಸಾಗುತ್ತದೆ. ವೇಗದ ದ್ರುತ್ ಬಂದಿಶೂ ಬಿರುಸಿನ ತಾನುಗಳೂ ಸರಿಯಾಗಿ ಆ ಇಕ್ಕಟ್ಟಿನಲ್ಲೇ ಬಂದು ಬೀಳುತ್ತವೆ. ಆದ್ದರಿಂದ ಅಂಗಡಿಯಲ್ಲಿ ಕೇಳಿ ನೋಡಲು ಅವಕಾಶವಿದ್ದರೆ ಆರಂಭದ ಆಲಾಪಕ್ಕೆ ತಲೆದೂಗಬೇಡಿ. ಸೂಜಿಯನ್ನು ಬದಿಯ ಕೊನೆಯ ಮೂರು ನಿಮಿಷಗಳ ಮೇಲೆ ಇಡಿಸಿ. ತಾರ ಷಡ್ಜದಲ್ಲಿ ದನಿ ಹರಿದ ಬಟ್ಟೆಯಂತೆ ಕೇಳಿದರೆ ಅದು ಸವೆದ ತಟ್ಟೆ.

ಈ ಬುದ್ಧಿ ನನಗೆ ಬಂದದ್ದು ಪೆಟ್ಟು ತಿಂದ ಮೇಲೆ. ಜೋಶಿಯವರ 1960ರ ದಶಕದ ಒಂದು ಎಲ್‌ಪಿಯನ್ನು 'ಹೊಸದರಂತಿದೆ' ಎಂಬ ಮಾತು ನಂಬಿ ಅಂಚೆಯಲ್ಲಿ ತರಿಸಿದೆ. ಕನ್ನಡಿಯಂತೆ ಹೊಳೆಯುತ್ತಿದ್ದ ಆ ತಟ್ಟೆ ತಾನುಗಳು ಬಂದೊಡನೆ ಕರಕರ ಎಂದಿತು. 5-6 ಗ್ರಾಂ ಭಾರ ಹೇರುವ ಸೆರಾಮಿಕ್ ಕಾರ್ಟ್ರಿಜ್ಜಿನ ಹಳೆಯ ಪೆಟ್ಟಿಗೆ ಪ್ಲೇಯರಿನಲ್ಲಿ, ಬಹುಶಃ ಸವೆದ ಸೂಜಿಯಲ್ಲಿ, ಅದನ್ನು ನೂರಾರು ಸಲ ಉಜ್ಜಿರಬೇಕು. ಅಂಥ ಸವೆತ ಬರಿಗಣ್ಣಿಗೆ ಕಾಣುವುದಿಲ್ಲ. ಕೆಲವು ತಿಂಗಳ ನಂತರ ಬೆಂಗಳೂರಿನ ಒಂದು ಹಳೆಯ ಸಾಮಾನಿನ ಅಂಗಡಿಯಲ್ಲಿ ಅದೇ ಎಲ್‌ಪಿಯ ಇನ್ನೊಂದು ಪ್ರತಿ ಸಿಕ್ಕಿತು. ಮುಖಪುಟಕ್ಕೆ ಗೆದ್ದಲು ಹಿಡಿದಿತ್ತು, ತಟ್ಟೆಯ ಮೈತುಂಬ ಕೂದಲೆಳೆಯಂಥ ಗೀರುಗಳಿದ್ದವು, ಮಳೆಗಾಲದ ಬೂಷ್ಟು ಬಿಳಿ ಚುಕ್ಕೆಗಳಾಗಿ ಅಂಟಿತ್ತು. ತೊಳೆದು ಹಾಕಿದರೆ ಅಲ್ಲಲ್ಲಿ ಟಿಕ್ ಟಿಕ್ ಎಂದದ್ದು ಬಿಟ್ಟರೆ ತಾನುಗಳೆಲ್ಲ ಮುತ್ತು ಪೋಣಿಸಿದಂತೆ ಬಿಡಿಬಿಡಿಯಾಗಿ ಕೇಳಿದವು. ಮೇಲ್ಮೈಯ ಗೀರಿಗಿಂತ ಗೆರೆಯೊಳಗಿನ ಸವೆತವೇ ದೊಡ್ಡ ಶತ್ರು. ಗೀರಿನ ಮೇಲೆ ಉಗುರನ್ನು ಮೆಲ್ಲಗೆ ಆಡಿಸಿ ನೋಡಿ: ತಡೆದರೆ ಅದು ಕೇಳಿಸುವ ಗೀರು, ತಡೆಯದಿದ್ದರೆ ಬಹುಮಟ್ಟಿಗೆ ನಿರುಪದ್ರವಿ.

ತೊಳೆಯದೆ ಯಾವ ಹಳೆಯ ತಟ್ಟೆಯ ಬಗೆಗೂ ತೀರ್ಪು ಕೊಡಬಾರದು. ಡಿಸ್ಟಿಲ್ಡ್ ನೀರಿಗೆ ಸುಗಂಧವಿಲ್ಲದ ಮಾರ್ಜಕದ ಒಂದೆರಡು ಹನಿ ಬೆರೆಸಿ, ಮೃದು ಬ್ರಷ್ಷಿನಿಂದ ಗೆರೆಯ ಜಾಡಿನಲ್ಲೇ ಸುತ್ತಿಸಿ, ಬರಿಯ ಡಿಸ್ಟಿಲ್ಡ್ ನೀರಿನಲ್ಲಿ ಎರಡು ಸಲ ಜಾಲಾಡಿಸಿ, ಲೇಬಲ್ ನೆನೆಯದಂತೆ ನೋಡಿಕೊಂಡು ನೆರಳಿನಲ್ಲಿ ಒಣಗಿಸಿದರೆ ಸಾಕು. ಮದ್ಯಸಾರವಿರುವ ದ್ರವವನ್ನು 78 ಸುತ್ತಿನ ಅರಗಿನ ತಟ್ಟೆಗಳಿಗೆ ಎಂದೂ ಮುಟ್ಟಿಸಬೇಡಿ, ಅರಗು ಕರಗುತ್ತದೆ. ಹಳೆಯ ಪ್ಲಾಸ್ಟಿಕ್ ಒಳಚೀಲವನ್ನು ಎಸೆದು ಹೊಸದು ಹಾಕಿ. ಬೂಷ್ಟು ಹಳೆಯದರಲ್ಲೇ ಉಳಿದಿರುತ್ತದೆ.

ದೂರದಿಂದ ತರಿಸುವಾಗ, ತಟ್ಟೆಗಳ ವಿವರ ಕೂಡಿಡುವ ಡಿಸ್ಕಾಗ್ಸ್ ಜಾಲತಾಣದಲ್ಲಿ ಆಯಾ ಮುದ್ರಣದ ಡೆಡ್‌ವ್ಯಾಕ್ಸ್ ಗುರುತುಗಳನ್ನು ಮೊದಲೇ ನೋಡಿಕೊಂಡು, ಮಾರುವವರಿಂದ ಎರಡೂ ಬದಿಯ ಆ ಪಟ್ಟಿಯ ಫೋಟೋ ಕೇಳಿ. ಬ್ರಿಟನ್ನಿನ ಇಎಂಐ ತಟ್ಟೆಗಳಾದರೆ ಒಂದು ಮೋಜಿನ ಸಂಕೇತವೂ ಸಿಗುತ್ತದೆ. ಆ ಪಟ್ಟಿಯಲ್ಲಿ ಲ್ಯಾಕರಿನ ಗುರುತಾಗಿ ಇರುವ ಮ್ಯಾಟ್ರಿಕ್ಸ್ ಸಂಖ್ಯೆ ನಿಮ್ಮ ಕಡೆಗೆ ಬರುವಂತೆ ಹಿಡಿದರೆ ಎಡಕ್ಕೆ ಮದರಿನ ಅಂಕಿ, ಬಲಕ್ಕೆ ಸ್ಟ್ಯಾಂಪರಿನ ಅಕ್ಷರ. 'ಗ್ರಾಮೊಫೋನ್ ಲಿಮಿಟೆಡ್' ಎಂಬುದನ್ನು ಮೊಟಕುಗೊಳಿಸಿದ ಹತ್ತು ಇಂಗ್ಲಿಷ್ ಅಕ್ಷರಗಳು ಅಲ್ಲಿ 1ರಿಂದ 9 ಮತ್ತು ಸೊನ್ನೆಗೆ ಸಮ: ಜಿ ಎಂದರೆ 1, ಆರ್ ಎಂದರೆ 2, ಕೊನೆಯ ಡಿ ಎಂದರೆ ಸೊನ್ನೆ. ಫೋಟೋ ಕಳಿಸಲು ಸಬೂಬು ಹೇಳುವ ಮಾರಾಟಗಾರರನ್ನು ನಾನು ಕೈಬಿಡುತ್ತೇನೆ.

ಕೊನೆಗೆ ಮನೆಯಲ್ಲಿ ಎರಡು ಪ್ರತಿಗಳು ಕೂಡಿದಾಗ, ಗಟ್ಟಿಯಾಗಿ ಕೇಳಿಸುವುದೇ ಉತ್ತಮವೆಂದು ಕಿವಿ ಮೋಸಹೋಗುವುದು ಸಹಜ. ಹೆಚ್ಚು ಮಟ್ಟದಲ್ಲಿ ಕೊರೆದ ತಟ್ಟೆಗೆ ವಾಲ್ಯೂಮನ್ನು ತುಸು ತಗ್ಗಿಸಿ, ಎರಡನ್ನೂ ಸಮಮಾಡಿ, ಬದಿಯ ಕೊನೆಯ ಅದೇ ಮೂರು ನಿಮಿಷಗಳನ್ನು ಒಂದಾದ ಮೇಲೊಂದರಂತೆ ಕೇಳಿ. ಯಾವುದು ಯಾವ ಮುದ್ರಣವೆಂದು ನಿಮಗೆ ಹೇಳದೆ ಮನೆಯವರು ಯಾರಾದರೂ ತಟ್ಟೆ ಬದಲಿಸಿದರೆ ಇನ್ನೂ ಒಳ್ಳೆಯದು. ನನ್ನ ಮನೆಯಲ್ಲಿ ಹೀಗೆ ಗೆದ್ದದ್ದು ಹೆಚ್ಚಿನ ಸಲ ಅಗ್ಗದ ಪ್ರತಿಯೇ. ಸೋತ ದುಬಾರಿ ಪ್ರತಿಯನ್ನು ಮಾರಿದ ಹಣದಲ್ಲಿ ಮುಂದಿನ ಎರಡು ತಟ್ಟೆಗಳು ಬಂದಿವೆ.