ಬೀರುವಿನಲ್ಲಿದ್ದ ಹಳೇ ಸ್ಕ್ಯಾನ್ ರಿಪೋರ್ಟ್

ಕಳೆದ ಶ್ರಾವಣದಲ್ಲಿ ಊಟವಾದ ಮೇಲೆ ಹೊಟ್ಟೆಯ ಬಲಗಡೆ ಹಿಡಿದ ಹಾಗಾಗುತ್ತಿತ್ತು. ಪಿತ್ತಕೋಶದಲ್ಲಿ ಕಲ್ಲಿರಬಹುದು ಅಂತ ವಿಜಯನಗರದಲ್ಲಿ ಮನೆ ಹತ್ತಿರವೇ ಅಲ್ಟ್ರಾಸೌಂಡ್ ಮಾಡಿಸಿದೆ. ಕಲ್ಲು ಇರಲಿಲ್ಲ. ಆದರೆ ರಿಪೋರ್ಟಿನಲ್ಲಿ ಬೇರೆ ಎರಡು ಸಾಲಿದ್ದವು. ಲಿವರ್‌ನ ಎಡಭಾಗದಲ್ಲಿ 14 ಮಿ.ಮೀ. ಸಿಸ್ಟ್, ಅಂದರೆ ನೀರುಗುಳ್ಳೆ; ಬಲಭಾಗದಲ್ಲಿ 27 ಮಿ.ಮೀ. 'ಹೈಪರ್‌ಎಕೋಯಿಕ್ ಲೀಷನ್', ಅಂದರೆ ಅಲ್ಟ್ರಾಸೌಂಡಿನಲ್ಲಿ ಸುತ್ತಲಿಗಿಂತ ಬೆಳ್ಳಗೆ ಕಾಣುವ ಮಚ್ಚೆ. ಕೌಂಟರಿನಲ್ಲಿ ಕೇಳಿದರೆ "ಡಾಕ್ಟರಿಗೆ ತೋರಿಸಿ ಮೇಡಂ" ಅಂದರು, ಅಷ್ಟೇ.

ರಾತ್ರಿ ಫೋನಿನಲ್ಲಿ ಹುಡುಕುತ್ತಾ ಕೂತೆ. ಎಲ್ಲಿ ನೋಡಿದರೂ ಕ್ಯಾನ್ಸರ್. ನಮ್ಮ ಯಜಮಾನರು ಫೋನ್ ತೆಗೆದಿಟ್ಟು, "ಹಿಂದೆ ಕಿಡ್ನಿ ಸ್ಟೋನ್ ಆದಾಗ ಸ್ಕ್ಯಾನ್ ಮಾಡಿಸಿದ್ವಿ ಅಲ್ವಾ, ಅದೆಲ್ಲಿ?" ಅಂದರು. ಬೀರುವಿನಲ್ಲಿ ಎಲ್‌ಐಸಿ ಬಾಂಡ್‌ಗಳ ಕೆಳಗೆ 2017ರ ರಿಪೋರ್ಟ್ ಸಿಕ್ಕಿತು. ಅದರಲ್ಲೂ ಅದೇ ಬಲಭಾಗ, ಅದೇ ಪದ, 25 ಮಿ.ಮೀ. ಆಗ ಎಲ್ಲರ ಗಮನ ಕಲ್ಲಿನ ಮೇಲಿತ್ತು. ಯಾರೂ ಹೇಳಿರಲಿಲ್ಲ, ನಾನೂ ಓದಿರಲಿಲ್ಲ.

ಮೆಟ್ರೋದಲ್ಲಿ ಜಯನಗರಕ್ಕೆ ಹೋಗಿ ಗ್ಯಾಸ್ಟ್ರೋ ಡಾಕ್ಟರ್ ಎದುರು ಎರಡನ್ನೂ ಇಟ್ಟೆ. ಅವರು ಮೊದಲು ಹಳೆಯದನ್ನೇ ಕೈಗೆತ್ತಿಕೊಂಡರು. "ಇದನ್ನ ತಂದಿದ್ದು ಒಳ್ಳೇದಾಯ್ತಮ್ಮ" ಅಂದರು. ಎರಡು ಮಿ.ಮೀ. ವ್ಯತ್ಯಾಸ ಅಳತೆ ಮಾಡುವವರ ಕೈಯಲ್ಲೇ ಬರುತ್ತದಂತೆ, ಅಂದರೆ ಇಷ್ಟು ವರ್ಷದಲ್ಲಿ ಅದು ಹೆಚ್ಚುಕಮ್ಮಿ ಬೆಳೆದೇ ಇಲ್ಲ. ಆಮೇಲೆ ಒಂದೊಂದಾಗಿ ಕೇಳಿದರು. ಕಾಮಾಲೆ ಆಗಿತ್ತಾ, ಹೆಪಟೈಟಿಸ್ ಬಿ ಟೆಸ್ಟ್ ಆಗಿದೆಯಾ, ಗರ್ಭನಿರೋಧಕ ಮಾತ್ರೆ ತಗೊಂಡಿದ್ದೀರಾ, ಮನೇಲಿ ನಾಯಿ ಇದೆಯಾ. ನಾಯಿಗೂ ಲಿವರ್‌ಗೂ ಏನು ಸಂಬಂಧ ಅಂತ ಕೇಳಿಯೇಬಿಟ್ಟೆ. ನಾಯಿಯ ಹೊಟ್ಟೆಯ ಒಂದು ಜಾತಿ ಹುಳುವಿನ ಮೊಟ್ಟೆ ನಮ್ಮ ಬಾಯಿಗೆ ಹೋದರೆ ಲಿವರ್‌ನಲ್ಲಿ ಹೈಡಾಟಿಡ್ ಸಿಸ್ಟ್ ಆಗಬಹುದಂತೆ. ಅದರ ನೀರು ಒಳಗೆ ಸೋರಿದರೆ ಜೀವಕ್ಕೇ ಅಪಾಯ, ಅದಕ್ಕೇ ಯಾವ ಸಿಸ್ಟಿಗೂ ಸುಮ್ನೆ ಸೂಜಿ ಹಾಕಲ್ಲ ಅಂದರು. ನನ್ನದು ತೆಳು ಗೋಡೆಯ, ಬರೀ ನೀರಿನ ಸಿಸ್ಟ್. ಮುಟ್ಟೋದೇ ಬೇಡ ಅಂದರು.

ಲೀಷನ್‌ಗೆ ಮಾತ್ರ ಟ್ರಿಪಲ್ ಫೇಸ್ ಸಿಟಿ ಸ್ಕ್ಯಾನ್ ಬರೆದುಕೊಟ್ಟರು; ರಕ್ತನಾಳಕ್ಕೆ ಕಾಂಟ್ರಾಸ್ಟ್ ಅನ್ನೋ ಔಷಧಿ ಕೊಟ್ಟು, ಅದು ಲಿವರ್‌ನಲ್ಲಿ ಹರಡುವಾಗ ಮೂರು ಹಂತದಲ್ಲಿ ಚಿತ್ರ ತೆಗೆಯುತ್ತಾರೆ. ಮೊದಲು ಕಿಡ್ನಿ ಸರಿಯಿದೆಯಾ ಅಂತ ರಕ್ತದಲ್ಲಿ ಕ್ರಿಯಾಟಿನಿನ್ ನೋಡಿದರು. ಕಾಂಟ್ರಾಸ್ಟ್ ಔಷಧಿ ಒಳಗೆ ಹೋಗುತ್ತಿದ್ದಂತೆ ಗಂಟಲಿನಿಂದ ಕಿಬ್ಬೊಟ್ಟೆವರೆಗೆ ಬಿಸಿ ಹರಿಯಿತು. ಉಚ್ಚೆ ಹೋಗಿಬಿಟ್ಟಿತೇನೋ ಅನ್ನಿಸಿತು. ಹೋಗಿರಲಿಲ್ಲ. ತುಂಬಾ ಜನಕ್ಕೆ ಹಾಗನ್ನಿಸುತ್ತದಂತೆ. ಯಾರಾದರೂ ಮೊದಲೇ ಹೇಳಿದ್ದರೆ ಅಷ್ಟು ಗಾಬರಿ ಆಗುತ್ತಿರಲಿಲ್ಲ.

ಚಿತ್ರ ತೋರಿಸಿ ಅಂತ ನಾನೇ ಕೇಳಿದೆ. ರೇಡಿಯಾಲಜಿಸ್ಟ್ ಕುರ್ಚಿ ಎಳೆದು ಕೂರಿಸಿದರು. ಮೊದಲ ಚಿತ್ರದಲ್ಲಿ ಕಪ್ಪು ಮಚ್ಚೆ, ಅಂಚಿನಲ್ಲಿ ಅಲ್ಲಲ್ಲಿ ಬಿಳಿ ಚುಕ್ಕೆ. ಮುಂದಿನದರಲ್ಲಿ ಬಿಳುಪು ಒಳಕ್ಕೆ ಸರಿದಿತ್ತು. ಕೊನೆಯದರಲ್ಲಿ ಮಚ್ಚೆ ಪೂರ್ತಿ ತುಂಬಿತ್ತು. "ದೋಸೆ ಅಂಚಿನಿಂದ ಬೇಯ್ತಾ ಬರಲ್ವಾ, ಹಾಗೆ. ಇದು ಹಿಮಾಂಜಿಯೋಮಾ, ರಕ್ತನಾಳಗಳ ಗಂಟು. ಕ್ಯಾನ್ಸರ್ ಅಲ್ಲ" ಅಂದರು. ಬಯಾಪ್ಸಿ, ಅಂದರೆ ಸೂಜಿ ಹಾಕಿ ಚೂರು ತೆಗೆದು ನೋಡೋದು ಬೇಡವಾ ಅಂತ ಕೇಳಿದೆ. "ರಕ್ತ ತುಂಬಿರೋ ಜಾಗ ಅದು, ಚುಚ್ಚಿದರೆ ರಕ್ತ ಸುರಿಯಬಹುದು. ಚಿತ್ರದಲ್ಲೇ ಇಷ್ಟು ಸ್ಪಷ್ಟ ಇದೆಯಲ್ಲ."

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತೆ. ಯಜಮಾನರು ಏನೂ ಹೇಳದೆ ಪಕ್ಕದಲ್ಲಿ ಕೂತಿದ್ದರು.

ಹೊಟ್ಟೆ ಹಿಡಿಯುತ್ತಿದ್ದದ್ದು ಆಸಿಡಿಟಿಗೆ, ಮಾತ್ರೆಯಲ್ಲಿ ಹೋಯಿತು. ಆರು ತಿಂಗಳ ಮೇಲೆ ಮತ್ತೆ ಅಲ್ಟ್ರಾಸೌಂಡ್ ಮಾಡಿಸಿದಾಗ ಹಳೇ ರಿಪೋರ್ಟುಗಳು, ಸಿಟಿಯ ಸಿಡಿ ಎಲ್ಲಾ ಒಂದೇ ಫೈಲಿನಲ್ಲಿ ತೆಗೆದುಕೊಂಡು ಹೋದೆ. ಅದೇ 27 ಮಿ.ಮೀ.