ಲ್ಯಾಪ್‌ಟಾಪ್ ಬಂದ್ ಆಗವಲ್ದಾ? ಮೊದಲು ಪವರ್ ಬಟನ್ ಮೇಲಿನ ಬೆರಳು ತೆಗೆಯಿರಿ

"ಸರ್, ಲ್ಯಾಪ್‌ಟಾಪ್ ಬಂದ್ ಆಗವಲ್ದು ನೋಡ್ರಿ." ಕಲಬುರಗಿಯ ನಮ್ಮ ಸಣ್ಣ ಕಂಪ್ಯೂಟರ್ ಕ್ಲಾಸಿಗೆ ವಾರಕ್ಕೆ ಒಬ್ಬರಾದರೂ ಈ ದೂರು ಹೊತ್ತು ಬರುತ್ತಾರೆ. ಕಳೆದ ಬೇಸಿಗೆಯಲ್ಲಿ ಆಳಂದದಿಂದ ಬಸ್ಸಿನಲ್ಲಿ ಒಬ್ಬ ಹುಡುಗ ಬಂದಿದ್ದ. ಬ್ಯಾಗಿನ ಜಿಪ್ ಎಳೆದರೆ ರೊಟ್ಟಿ ಹಂಚಿನ ಕಾವು ಮುಖಕ್ಕೆ ಹೊಡೆಯಿತು. ಹೊರಡುವಾಗ ಶಟ್ ಡೌನ್ ಕೊಟ್ಟಿದ್ದಾನೆ, ಪರದೆ ಕಪ್ಪಾಗಿದೆ, ಮುಚ್ಚಿ ತುರುಕಿದ್ದಾನೆ. ಒಳಗೆ ಫ್ಯಾನು ದಾರಿಯುದ್ದಕ್ಕೂ ತಿರುಗುತ್ತಲೇ ಇತ್ತು. ಹೊರಗೆ 42 ಡಿಗ್ರಿ ಬಿಸಿಲು. ಬ್ಯಾಟರಿ ಉಬ್ಬದೆ ಉಳಿದದ್ದು ಅವನ ಪುಣ್ಯ.

ಇನ್ನೊಂದು ಜಾತಿಯವರಿದ್ದಾರೆ. ಅವರು ದೂರನ್ನೇ ಹೇಳುವುದಿಲ್ಲ. ದಿನಾ ರಾತ್ರಿ ಪವರ್ ಬಟನ್ನನ್ನು ಹತ್ತು ಸೆಕೆಂಡ್ ಅದುಮಿ ಹಿಡಿದು ಮಲಗಲು ಹೋಗುತ್ತಾರೆ. ಆರು ತಿಂಗಳ ನಂತರ "ಫೈಲ್ ಓಪನ್ ಆಗ್ತಾ ಇಲ್ಲ" ಎಂದು ಬರುತ್ತಾರೆ. ಬಟನ್ ಅದುಮುವುದು ಕೊನೆಯ ಉಪಾಯ. ಅಪರೂಪಕ್ಕೆ ಒಮ್ಮೆ ಮಾಡಿದರೆ ಏನೂ ಆಗದಿರಬಹುದು, ರೂಢಿ ಮಾಡಿಕೊಂಡರೆ ಡಿಸ್ಕ್ ಮೇಲೆ ಅರ್ಧ ಬರೆದ ಫೈಲುಗಳು ಕೆಡುತ್ತವೆ.

ಕೆಳಗೆ ಹೇಳುವುದು ವಿಂಡೋಸ್ 10 ಮತ್ತು 11 ಎರಡಕ್ಕೂ ಹೊಂದುತ್ತದೆ. ಹೆಸರುಗಳು ಅಲ್ಲಲ್ಲಿ ಸ್ವಲ್ಪ ಬೇರೆ ಇರಬಹುದು, ಅಷ್ಟೇ.

ಮೊದಲು ಪರದೆ ಮೇಲೆ ಏನು ಬರೆದಿದೆ ಓದಿ. ಅಪ್‌ಡೇಟ್ ನಡೆಯುತ್ತಿದೆ, ಆಫ್ ಮಾಡಬೇಡಿ ಎಂದಿದ್ದರೆ ಅದು ಕೆಟ್ಟಿಲ್ಲ, ಕೆಲಸದಲ್ಲಿದೆ. ಚಾರ್ಜರ್ ಹಾಕಿ ಬಿಟ್ಟುಬಿಡಿ. ಹಳೆಯ ಹಾರ್ಡ್ ಡಿಸ್ಕ್ ಇರುವ ಲ್ಯಾಪ್‌ಟಾಪಿಗೆ ಒಂದು ಗಂಟೆ ಹಿಡಿದರೂ ಆಶ್ಚರ್ಯ ಇಲ್ಲ. ಡಿಸ್ಕಿನ ಸಣ್ಣ ದೀಪ ಮಿನುಗುತ್ತಿದ್ದರೆ ಕೈ ಹಚ್ಚಲೇಬೇಡಿ.

ಪೆನ್ ಡ್ರೈವ್, ಪ್ರಿಂಟರ್, ಫೋನ್ ಕೇಬಲ್ ಎಲ್ಲ ಕಿತ್ತು ಮತ್ತೊಮ್ಮೆ ಶಟ್ ಡೌನ್ ಕೊಟ್ಟು ನೋಡಿ.

ಯಾವುದೋ ಪ್ರೋಗ್ರಾಂ ತಡೆಯುತ್ತಿದೆ ಎಂದು ಪರದೆ ಬಂದರೆ ಅದರ ಹೆಸರು ಅಲ್ಲೇ ಇರುತ್ತದೆ. ಕೆಳಗೆ 'ಶಟ್ ಡೌನ್ ಎನಿವೇ' ಎಂಬ ಬಟನ್. ನಮ್ಮವರು ಅದನ್ನು ಓದುವ ಮೊದಲೇ ಒತ್ತಿರುತ್ತಾರೆ! ಹಾಗೆ ಒತ್ತಿ, ಸೇವ್ ಮಾಡದೆ ನುಡಿಯಲ್ಲಿ ಟೈಪ್ ಮಾಡಿದ್ದ 20 ಪುಟ ಕಳೆದುಕೊಂಡವರೊಬ್ಬರು ನನ್ನೆದುರೇ ತಲೆ ಮೇಲೆ ಕೈ ಹೊತ್ತು ಕೂತಿದ್ದರು. 'ಕ್ಯಾನ್ಸಲ್' ಒತ್ತಿ, ವಾಪಸ್ ಬನ್ನಿ, ಸೇವ್ ಮಾಡಿ, ಆಮೇಲೆ ಬಂದ್ ಮಾಡಿ.

ಇದ್ಯಾವುದೂ ಅಲ್ಲದಿದ್ದರೆ ಒಂದು ಪ್ರಶ್ನೆ. ಕೈಕೊಡುತ್ತಿರುವುದು ಶಟ್ ಡೌನ್ ಮಾತ್ರವೋ, ರೀಸ್ಟಾರ್ಟ್ ಕೂಡವೋ? ಎರಡೂ ಒಂದೇ ಅಲ್ವಾ ಎಂದು ಕೇಳುತ್ತಾರೆ. ಅಲ್ಲ. ವಿಂಡೋಸ್ 8ರಿಂದ 'ಫಾಸ್ಟ್ ಸ್ಟಾರ್ಟಪ್' ಎಂಬುದೊಂದು ಬಂದಿದೆ. ಅದು ಚಾಲೂ ಇದ್ದರೆ ಶಟ್ ಡೌನ್ ಎಂದರೆ ಪೂರ್ತಿ ಬಂದ್ ಅಲ್ಲ. ಸಂತೆಯಲ್ಲಿ ಸಾಮಾನು ಗಾಡಿಗೆ ಹೇರದೆ, ಮೇಲೆ ತಾಡಪಾಲು ಹೊದಿಸಿ ಮನೆಗೆ ಹೋದ ಹಾಗೆ. ವಿಂಡೋಸ್ ತನ್ನ ಒಳಗಿನ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು, ಬೆಳಿಗ್ಗೆ ಅದನ್ನೇ ಎತ್ತಿಕೊಳ್ಳುತ್ತದೆ. ರೀಸ್ಟಾರ್ಟ್ ಮಾತ್ರ ಸಾಮಾನೆಲ್ಲ ಎತ್ತಿ, ಜಾಗ ಗುಡಿಸಿ, ಮತ್ತೆ ಹೊಸದಾಗಿ ಅಂಗಡಿ ಹಚ್ಚುತ್ತದೆ. ಹಾಗಾಗಿ ರೀಸ್ಟಾರ್ಟ್ ಸರಿಯಿದ್ದು ಶಟ್ ಡೌನ್ ಮಾತ್ರ ಕೆಟ್ಟಿದ್ದರೆ ನನ್ನ ಅನುಮಾನ ಮೊದಲು ಈ ತಾಡಪಾಲಿನ ಮೇಲೆ.

ಪರೀಕ್ಷೆ ಸುಲಭ. ಶಿಫ್ಟ್ ಕೀ ಹಿಡಿದುಕೊಂಡೇ ಶಟ್ ಡೌನ್ ಒತ್ತಿ. ಆ ಒಂದು ಸಲ ಪೂರ್ತಿ ಬಂದ್ ಆಗುತ್ತದೆ. ಹಾಗೆ ಸಲೀಸಾಗಿ ಆಫ್ ಆದರೆ ಕಳ್ಳ ಸಿಕ್ಕ. ತಪ್ಪಿ ಶಿಫ್ಟ್ ಜೊತೆ ರೀಸ್ಟಾರ್ಟ್ ಒತ್ತಿದರೆ ನೀಲಿ ಮೆನು ಬರುತ್ತದೆ. ಹೆದರಬೇಡಿ, 'ಕಂಟಿನ್ಯೂ' ಒತ್ತಿ ಹೊರಗೆ ಬನ್ನಿ.

ಫಾಸ್ಟ್ ಸ್ಟಾರ್ಟಪ್ ತೆಗೆಯಲು ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್, ಎಡಗಡೆ 'ಚೂಸ್ ವಾಟ್ ದ ಪವರ್ ಬಟನ್ಸ್ ಡೂ'. ಅಲ್ಲಿ ಟಿಕ್ ಬೂದು ಬಣ್ಣದಲ್ಲಿರುತ್ತದೆ, ಒತ್ತಿದರೆ ಅಲುಗುವುದಿಲ್ಲ. ಜಾಸ್ತಿ ಜನ ಇಲ್ಲೇ ಕೈಬಿಡುತ್ತಾರೆ. ಮೇಲಿರುವ 'ಚೇಂಜ್ ಸೆಟ್ಟಿಂಗ್ಸ್ ದಟ್ ಆರ್ ಕರೆಂಟ್ಲಿ ಅನ್‌ಅವೈಲಬಲ್' ಒತ್ತಿದರೆ ಅದು ಸಡಿಲವಾಗುತ್ತದೆ. ಟಿಕ್ ತೆಗೆದು ಸೇವ್ ಮಾಡಿ. ನನ್ನನ್ನು ಕೇಳಿದರೆ, ಲ್ಯಾಪ್‌ಟಾಪ್ ಸರಿ ಇದ್ದವರೂ ಇದನ್ನು ತೆಗೆದುಬಿಡಿ. ಎಸ್‌ಎಸ್‌ಡಿ (ಹೊಸ ಜಾತಿಯ ವೇಗದ ಡಿಸ್ಕ್) ಇದ್ದರೆ ಉಳಿಯುವುದು ಕೆಲವೇ ಸೆಕೆಂಡ್. ಅಷ್ಟಕ್ಕೆ ಈ ಉಪದ್ವ್ಯಾಪ ಯಾಕೆ? ದೊಡ್ಡ ಅಪ್‌ಡೇಟ್ ಆದ ಮೇಲೆ ಟಿಕ್ ವಾಪಸ್ ಬಂದಿದೆಯೇ ನೋಡಿಕೊಳ್ಳಿ.

ಈಗ ಎಲ್ಲರೂ ಎಡವುವ ಜಾಗಕ್ಕೆ ಬಂದೆವು. ಶಟ್ ಡೌನ್, ರೀಸ್ಟಾರ್ಟ್ ಎರಡೂ ಸಿಕ್ಕಿಹಾಕಿಕೊಳ್ಳುತ್ತಿದ್ದರೆ ಹಿಂದೆ ಅಡಗಿ ಓಡುವ ಯಾವುದೋ ಪ್ರೋಗ್ರಾಂ ಹೊರಗೆ ಹೋಗಲು ಒಪ್ಪುತ್ತಿಲ್ಲ ಎಂದು ಹೆಚ್ಚಾಗಿ ಅರ್ಥ. ಗಂಜ್ ಮಾರುಕಟ್ಟೆಯಲ್ಲಿ ಅಂಗಡಿಯ ಶಟರ್ ಎಳೆಯಬೇಕು, ಒಬ್ಬ ಗಿರಾಕಿ ಒಳಗೇ ಕೂತಿದ್ದಾನೆ. ಅವನು ಯಾರು ಎಂದು ಹುಡುಕಬೇಕು.

ಮೊದಲು ಮೊಬೈಲ್ ಕೈಗೆ ತೆಗೆದುಕೊಳ್ಳಿ, ಫೋಟೋ ಹೊಡೆಯಲು ಬೇಕು. ನಿಮ್ಮ ಪಿನ್ ಅಲ್ಲದೆ ಅಸಲಿ ಪಾಸ್‌ವರ್ಡ್ ಕೂಡ ನೆನಪಿದೆಯೇ ಖಾತ್ರಿ ಮಾಡಿಕೊಳ್ಳಿ. ಆಮೇಲೆ ವಿಂಡೋಸ್ ಕೀ ಜೊತೆ ಆರ್ ಒತ್ತಿ, ಬಂದ ಪೆಟ್ಟಿಗೆಯಲ್ಲಿ ಎಂಎಸ್‌ಕಾನ್ಫಿಗ್ (msconfig) ಎಂದು ಇಂಗ್ಲಿಷಿನಲ್ಲಿ ಸ್ಪೇಸ್ ಬಿಡದೆ ಟೈಪ್ ಮಾಡಿ ಎಂಟರ್ ಕೊಡಿ. 'ಸರ್ವಿಸಸ್' (ಹಿಂದೆ ಅಡಗಿ ಓಡುವ ಪ್ರೋಗ್ರಾಂಗಳು) ಟ್ಯಾಬಿಗೆ ಹೋಗಿ. ಕೆಳಗೆ 'ಹೈಡ್ ಆಲ್ ಮೈಕ್ರೋಸಾಫ್ಟ್ ಸರ್ವಿಸಸ್' ಎಂದಿದೆಯಲ್ಲ, ಅದಕ್ಕೆ ಮೊದಲು ಟಿಕ್ ಹಾಕಿ. ಮೊದಲು! ಅದನ್ನು ಬಿಟ್ಟು ಸೀದಾ 'ಡಿಸೇಬಲ್ ಆಲ್' ಒತ್ತಿದವರನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ವೈಫೈ ಹೋಗುತ್ತದೆ, ಸೌಂಡ್ ಹೋಗುತ್ತದೆ, ಕೆಲವೊಮ್ಮೆ ಪಿನ್ ಹಾಕಿದರೂ ಒಳಗೆ ಬಿಡುವುದಿಲ್ಲ. ಟಿಕ್ ಹಾಕಿದ ಮೇಲೆ ಉಳಿಯುವುದು ಹೊರಗಿನ ಕಂಪನಿಗಳ ಸರ್ವಿಸುಗಳು ಮಾತ್ರ. ಆ ಪಟ್ಟಿಯ ಫೋಟೋ ಹೊಡೆಯಿರಿ. ಈಗ 'ಡಿಸೇಬಲ್ ಆಲ್'.

ಅದಾದ ಮೇಲೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಸ್ಟಾರ್ಟಪ್ ಪಟ್ಟಿಯಲ್ಲಿರುವುದನ್ನೂ ಫೋಟೋ ಹೊಡೆದು ಡಿಸೇಬಲ್ ಮಾಡಿ. ರೀಸ್ಟಾರ್ಟ್ ಕೊಡಿ. ಅದೂ ಸಿಕ್ಕಿಕೊಂಡರೆ ಈ ಒಂದು ಸಲ ಬಟನ್ ಅದುಮಿ, ಬೇರೆ ದಾರಿ ಇಲ್ಲ.

ಮತ್ತೆ ಚಾಲೂ ಆದ ಮೇಲೆ ಹತ್ತು ನಿಮಿಷ ಸುಮ್ನೆ ಬಳಸಿ, ಆಮೇಲೆ ಶಟ್ ಡೌನ್ ಕೊಡಿ. ಸಲೀಸಾಗಿ ಬಂದ್ ಆಯಿತಾ? ಹಾಗಾದರೆ ಗಿರಾಕಿ ಆ ಫೋಟೋಗಳಲ್ಲೇ ಇದ್ದಾನೆ. 16 ಸರ್ವಿಸ್ ಇದ್ದರೆ ಒಂದೊಂದೇ ನೋಡುತ್ತ ಕೂರಬೇಡಿ. ಅದೇ 'ಸರ್ವಿಸಸ್' ಟ್ಯಾಬಿನಲ್ಲಿ ಮೊದಲ ಎಂಟಕ್ಕೆ ಟಿಕ್ ಹಾಕಿ, ರೀಸ್ಟಾರ್ಟ್ ಮಾಡಿ, ಬಂದ್ ಮಾಡಿ ನೋಡಿ. ಸಿಕ್ಕಿಕೊಂಡರೆ ಆ ಎಂಟರಲ್ಲಿದ್ದಾನೆ, ಇಲ್ಲದಿದ್ದರೆ ಉಳಿದ ಎಂಟರಲ್ಲಿ. ಆಮೇಲೆ ನಾಲ್ಕು, ಎರಡು, ಒಂದು. ನಾಲ್ಕು ಸುತ್ತಿಗೆ ಹೆಸರು ಹೊರಬೀಳುತ್ತದೆ. ಸರ್ವಿಸುಗಳೆಲ್ಲ ನಿರ್ದೋಷಿಗಳಾದರೆ ಸ್ಟಾರ್ಟಪ್ ಪಟ್ಟಿಗೂ ಇದೇ ಲೆಕ್ಕ. ನನ್ನ ಕೈಗೆ ಸಿಕ್ಕವು ಹೆಚ್ಚಾಗಿ ಎರಡು ಜಾತಿ: ಒಂದರ ಮೇಲೊಂದು ಹಾಕಿದ ಎರಡು ಆಂಟಿವೈರಸ್, ಇಲ್ಲವೇ ಯಾವತ್ತೋ ಮಾರಿದ ಪ್ರಿಂಟರಿನ ಸಹಾಯಕ ಪ್ರೋಗ್ರಾಂ. ಸಿಕ್ಕಿಬಿದ್ದದ್ದನ್ನು ಕಿತ್ತುಹಾಕಿ.

ಕೆಲಸ ಮುಗಿದ ಮೇಲೆ ಎಂಎಸ್‌ಕಾನ್ಫಿಗ್‌ಗೆ ಮರಳಿ 'ನಾರ್ಮಲ್ ಸ್ಟಾರ್ಟಪ್' ಕೊಡಿ. ಸ್ಟಾರ್ಟಪ್ ಪಟ್ಟಿಯಲ್ಲಿ ಬೇಕಾದದ್ದನ್ನು ಫೋಟೋ ನೋಡಿ ಎನೇಬಲ್ ಮಾಡಿ. ಇದನ್ನು ಮರೆತು ತಿಂಗಳುಗಟ್ಟಲೆ ಆಂಟಿವೈರಸ್ ಇಲ್ಲದೆ ಓಡಾಡುವವರಿದ್ದಾರೆ.

ನಡುವೆ ಒಂದು ಮಾತು. ವಿಡಿಯೋ ನೋಡಿ ರಿಜಿಸ್ಟ್ರಿಗೆ, ಅಂದರೆ ವಿಂಡೋಸ್ ತನ್ನ ಒಳಗಿನ ಸೆಟ್ಟಿಂಗುಗಳನ್ನು ಬರೆದಿಡುವ ಜಾಗಕ್ಕೆ, ಕೈ ಹಾಕಬೇಡಿ. ಅಲ್ಲಿ ಕಾಯುವ ಸಮಯ ಕಡಿಮೆ ಮಾಡಿದರೆ ಗಿರಾಕಿಯನ್ನು ಕುತ್ತಿಗೆ ಹಿಡಿದು ದಬ್ಬಿದ ಹಾಗೆ, ಅವನು ಬರೆಯುತ್ತಿದ್ದ ಫೈಲು ಅರ್ಧಕ್ಕೇ ನಿಲ್ಲುತ್ತದೆ. ಇನ್ನು 'ಕ್ಲೀನರ್', 'ಬೂಸ್ಟರ್', 'ಡ್ರೈವರ್ ಅಪ್‌ಡೇಟರ್' ಹೆಸರಿನ ಪ್ರೋಗ್ರಾಂಗಳು ಪುಕ್ಕಟೆ ಕೊಟ್ಟರೂ ಬೇಡ. ಶಟರ್ ಎಳೆಯುವಾಗ ಒಳಗೆ ಕೂರುವ ಗಿರಾಕಿ ಇನ್ನೊಬ್ಬ ಹೆಚ್ಚಾದ, ಅಷ್ಟೇ.

ಶಟ್ ಡೌನ್ ಕೊಟ್ಟರೆ ತಾನಾಗಿ ರೀಸ್ಟಾರ್ಟ್ ಆಗುತ್ತದೆಯಾ? ಬಂದ್ ಆಗುವಾಗ ವಿಂಡೋಸ್ ಕ್ರ್ಯಾಶ್ ಆಗುತ್ತಿರಬಹುದು. ಅಡ್ವಾನ್ಸ್ಡ್ ಸಿಸ್ಟಮ್ ಸೆಟ್ಟಿಂಗ್ಸ್‌ನ 'ಸ್ಟಾರ್ಟಪ್ ಅಂಡ್ ರಿಕವರಿ'ಯಲ್ಲಿ 'ಆಟೋಮ್ಯಾಟಿಕಲಿ ರೀಸ್ಟಾರ್ಟ್' ಟಿಕ್ ತೆಗೆಯಿರಿ. ಮುಂದಿನ ಸಲ ತಪ್ಪಿನ ಹೆಸರು ಪರದೆ ಮೇಲೇ ನಿಲ್ಲುತ್ತದೆ.

ಆಳಂದದ ಹುಡುಗನ ಕಥೆ ಬೇರೆಯೇ ಇತ್ತು. ಪರದೆ ಕಪ್ಪು, ಫ್ಯಾನು ಮತ್ತು ದೀಪ ಮಾತ್ರ ಜೀವಂತ. ಇಂಥದ್ದಕ್ಕೆ ಹೆಚ್ಚಾಗಿ ಡ್ರೈವರ್, ಅಂದರೆ ಯಂತ್ರದ ಭಾಗಗಳನ್ನು ವಿಂಡೋಸ್ ಜೊತೆ ಮಾತಾಡಿಸುವ ಪ್ರೋಗ್ರಾಂ, ಕಾರಣ ಇರುತ್ತದೆ. ಇಂಟೆಲ್ ಲ್ಯಾಪ್‌ಟಾಪುಗಳಲ್ಲಿ 'ಮ್ಯಾನೇಜ್‌ಮೆಂಟ್ ಎಂಜಿನ್' ಎಂಬ ಡ್ರೈವರ್ ಇದಕ್ಕೆ ಹೆಸರುವಾಸಿ. ಅವನದೂ ಅದೇ. ಲ್ಯಾಪ್‌ಟಾಪಿನ ಅಡಿಯಲ್ಲಿರುವ ಮಾಡೆಲ್ ನಂಬರ್ ನೋಡಿ, ಅದನ್ನು ತಯಾರಿಸಿದ ಕಂಪನಿಯ ಸೈಟಿನಿಂದಲೇ ಡ್ರೈವರ್ ಇಳಿಸಿಕೊಳ್ಳಿ. ಹೊಸದಕ್ಕಿಂತ ಕೆಲವೊಮ್ಮೆ ಹಳೆಯ ಆವೃತ್ತಿಯೇ ಗುಣ ಕೊಡುತ್ತದೆ. ಎಲ್ಲಿಗೇ ಹೊರಡಿ, ದೀಪ ಆರಿ ಫ್ಯಾನು ನಿಂತ ಮೇಲೆಯೇ ಬ್ಯಾಗಿಗೆ ಹಾಕಿ.

ಬಟನ್ನನ್ನು 15 ಸೆಕೆಂಡ್ ಅದುಮಿದರೂ ಆಫ್ ಆಗದಿದ್ದರೆ ಅದು ವಿಂಡೋಸ್ ತಪ್ಪಲ್ಲ. ಬಟನ್ ಅಥವಾ ಬೋರ್ಡಿನ ಕೆಲಸ, ರಿಪೇರಿಗೆ ಕೊಡಲೇಬೇಕು. ಕೊಡುವ ಮೊದಲು ಫೈಲುಗಳನ್ನು ಬೇರೆ ಡಿಸ್ಕಿಗೆ ಹಾಕಿಕೊಳ್ಳಿ. ಕೌಂಟರಿನಲ್ಲಿ "ಫಾರ್ಮ್ಯಾಟ್ ಮಾಡೋಣೇನ್ರಿ?" ಎಂದು ಕೇಳಿದರೆ, ಯಾವ ಭಾಗ ಕೆಟ್ಟಿದೆ ಎಂದು ತಿರುಗಿ ಕೇಳಿ.